ಅಂಚಿನಿಂದ ಹೊಲಿಯುವ ಕೌದಿ

'ಸಮುದಾಯ ಎಂದರೆ ನಿಮಗೆ ಏನು?' ಈ ಪ್ರಶ್ನೆಯನ್ನು ನಮ್ಮ ಊರಿನವರ ಮುಂದಿಟ್ಟು, ಬರುವ ಉತ್ತರಗಳಿಂದಲೇ ಒಂದು ಕಲಾಕೃತಿಯನ್ನು ರೂಪಿಸಬೇಕೆಂದು ನಾವು ಕೆಲವು ಗೆಳೆಯರು ಯೋಚಿಸಿದೆವು. ಅದು ನಾಟಕವೋ, ಗೋಡೆಚಿತ್ರವೋ, ಹಾಡೋ ಎಂಬುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. ಮೊದಲ ಸಭೆಯಲ್ಲಿ ಜನರಿಗೆ ಹಂಚಲು ಒಂದು ನಮೂನೆ ತಯಾರಾಯಿತು. ಹೆಸರು, ವಯಸ್ಸು, ಬೀದಿ. ನಾಲ್ಕನೆಯ ಸಾಲಿನಲ್ಲಿ 'ಸಮುದಾಯ'. ಅದನ್ನು ಗಟ್ಟಿಯಾಗಿ ಓದಿದಾಗ ನಮ್ಮಲ್ಲೊಬ್ಬರು ನಕ್ಕುಬಿಟ್ಟರು. ಯಾವುದನ್ನು ಹುಡುಕಲು ಹೊರಟಿದ್ದೆವೋ ಅದನ್ನೇ ಒಂದು ಖಾಲಿ ಗೆರೆಯ ಮೇಲೆ ತುಂಬಿಸಿಕೊಳ್ಳಲು ಹೊರಟಿದ್ದೆವು. ಆ ಗೆರೆಯ ಮೇಲೆ ಜನ ಏನು ಬರೆಯುತ್ತಾರೆಂದು ಯಾರಿಗೂ ಹೇಳಬೇಕಾಗಿಲ್ಲ. ಜಾತಿ, ಇಲ್ಲವೇ ಧರ್ಮ. ನಮೂನೆಯನ್ನು ಬದಿಗಿಟ್ಟೆವು. ಇಂತಹ ಕೆಲಸವನ್ನು ನಮ್ಮ ನಾಡಿನಲ್ಲಿ ಹಿಂದೆ ಯಾರು ಮಾಡಿದ್ದಾರೆ, ಎಲ್ಲಿ ಗೆದ್ದಿದ್ದಾರೆ, ಎಲ್ಲಿ ಎಡವಿದ್ದಾರೆ ಎಂದು ಮೊದಲು ತಿಳಿಯೋಣ ಎಂದುಕೊಂಡೆವು.

ಪದಗಳಿಂದಲೇ ಶುರು ಮಾಡಬೇಕಾಯಿತು. ಅರಬಿಯಲ್ಲಿ 'ಖೌಮ್' ಎಂದರೆ ಜನ, ಜನಸಮೂಹ. ಅದು ಫಾರಸಿ, ಉರ್ದುಗಳ ಹಾದಿಯಲ್ಲಿ ಕನ್ನಡಕ್ಕೆ ಬಂದು 'ಕೋಮು' ಆಯಿತು. ಹಳೆಯ ತಲೆಮಾರಿನವರು 'ಅವರು ಯಾವ ಕೋಮಿನವರು?' ಎಂದು ಕೇಳಿದರೆ ಅದರಲ್ಲಿ ಕೆಡುಕೇನೂ ಇರುತ್ತಿರಲಿಲ್ಲ. ಇಂದು ಪತ್ರಿಕೆ ತೆರೆದರೆ ಆ ಪದ ಗಲಭೆ, ದ್ವೇಷ, ದಳ್ಳುರಿಗಳ ಜೊತೆಯಲ್ಲದೆ ಒಂಟಿಯಾಗಿ ಕಾಣಸಿಗುವುದೇ ಅಪರೂಪ. 'ಜಮಾತ್' ಎಂಬುದಕ್ಕೂ ಮೂಲದಲ್ಲಿ ಇರುವುದು ಒಟ್ಟುಗೂಡುವ ಅರ್ಥ; ಕರಾವಳಿಯಲ್ಲಿ ಅದು ಒಂದು ಮಸೀದಿಗೆ ಸೇರಿದ ಮನೆಗಳ ಕೂಟ. ಅದೇ ಕರಾವಳಿಯಲ್ಲಿ 'ಊರ ಹತ್ತು ಸಮಸ್ತರು' ಎಂಬ ಮಾತೂ ಇದೆ. ಆ ಹತ್ತರಲ್ಲಿ ಯಾರು ಯಾರು ಸೇರುತ್ತಾರೆ, ಹನ್ನೊಂದನೆಯವನು ಎಲ್ಲಿ ನಿಲ್ಲಬೇಕು ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

'ಸಮುದಾಯ' ಎಂಬ ಪದವನ್ನೇ ಹೆಸರಾಗಿಸಿಕೊಂಡ ರಂಗಸಂಘಟನೆ ಕರ್ನಾಟಕದಲ್ಲಿ ಹುಟ್ಟಿದ್ದು 1975ರಲ್ಲಿ, ತುರ್ತು ಪರಿಸ್ಥಿತಿ ಹೇರಿದ ವರ್ಷ. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ದಲಿತರ ಹತ್ಯೆಯನ್ನು ಕುರಿತ ಅದರ 'ಬೆಲ್ಚಿ' ಬೀದಿನಾಟಕ ಊರೂರು ಸುತ್ತಿತು. 1979ರಲ್ಲಿ ನಾಟಕ, ಹಾಡುಗಳನ್ನು ಹೊತ್ತ ಜಾಥಾ ಹೊರಟಿತು. ಆ ಸಮುದಾಯ ಹುಟ್ಟಿನಿಂದ ಬಂದದ್ದಲ್ಲ, ಅನ್ಯಾಯವನ್ನು ಕಂಡು ಒಂದೆಡೆ ನಿಂತವರದ್ದು. ಆದರೆ ಬೀದಿನಾಟಕದಲ್ಲಿ ಹೇಳಬೇಕಾದ ಮಾತು ಮೊದಲೇ ಸಿದ್ಧವಾಗಿರುತ್ತದೆ. ನಮಗೆ ಬೇಕಾಗಿದ್ದದ್ದು ಕೇಳುವ ಕಲೆ.

ಹೆಗ್ಗೋಡಿನ ಕಥೆ ಬೇರೆ. ಸಾಗರ ತಾಲ್ಲೂಕಿನ ಈ ಅಡಿಕೆ ಸೀಮೆಯ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ನೀನಾಸಮ್ ಊರಿನ ಹವ್ಯಾಸಿಗಳ ತಂಡ. ಕೆ.ವಿ. ಸುಬ್ಬಣ್ಣನವರು ಅಲ್ಲಿಯ ರೈತರಿಗೆ, ಕೂಲಿಗಳಿಗೆ ಕುರೊಸಾವಾ, ಸತ್ಯಜಿತ್ ರಾಯ್ ಅವರ ಸಿನಿಮಾಗಳನ್ನು ತೋರಿಸಿದರು. 'ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದೆಯೇ?' ಎಂಬ ಪಟ್ಟಣದವರ ಅನುಮಾನಕ್ಕೆ ಅದೇ ಉತ್ತರವಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ 'ತಿರುಗಾಟ', 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದೇ ದಶಕದ ಮತ್ತೊಂದು ಕೆಲಸ. ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚೀಕೇರಿಯಲ್ಲಿ ಸಿದ್ದಿ ಜನರನ್ನೇ ಕಟ್ಟಿಕೊಂಡು ಆಡಿಸಿದ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕ.

ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ದಖ್ಖನಿನ ಚರಿತ್ರೆಯಲ್ಲಿ ಅಂತಹವರು ದೊಡ್ಡ ಹುದ್ದೆಗಳಿಗೆ ಏರಿದ್ದುಂಟು. ಇಥಿಯೋಪಿಯದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಾಡುಗಳ ಸಿದ್ದಿಗಳಲ್ಲಿ ಬಹಳಷ್ಟು ಜನ ಸೇನಾಪತಿಗಳ ವಂಶದವರಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಹಡಗಿನಲ್ಲಿ ತುಂಬಿ ಗೋವೆಗೆ ತಂದ ಗುಲಾಮರ ಮಕ್ಕಳು, ಮೊಮ್ಮಕ್ಕಳು. ದಣಿಗಳ ಹಿಂಸೆ ತಾಳದೆ ಓಡಿಬಂದವರಿಗೆ ಘಟ್ಟದ ಕಾಡು ಮರೆಯಾಯಿತು. ಮನೆಯಲ್ಲಿ ಆಡುವುದು ಒಂದು ಬಗೆಯ ಕೊಂಕಣಿ, ಹೊರಗೆ ಕನ್ನಡ, ಕೆಲವೆಡೆ ಉರ್ದು ಮತ್ತು ಮರಾಠಿ. ಹಳಿಯಾಳದ ಕಡೆ ಕ್ರೈಸ್ತ ಸಿದ್ದಿಗಳು, ಮುಸ್ಲಿಮ್ ಸಿದ್ದಿಗಳು; ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು. ಚರ್ಚಿಗೆ ಹೋಗುವವರೂ ಮಸೀದಿಗೆ ಹೋಗುವವರೂ ದೇವಸ್ಥಾನಕ್ಕೆ ಹೋಗುವವರೂ 'ಹಿರಿಯರ'ನ್ನು ನೆನೆಯುವ ರೂಢಿಯನ್ನು ಉಳಿಸಿಕೊಂಡು ಬಂದಿದ್ದಾರೆ. ದಮಾಮಿಯ ತಾಳಕ್ಕೆ ಕುಣಿಯುವಾಗ ಯಾರ ಮತ ಯಾವುದೆಂದು ಗುರುತಿಸುವುದು ನೋಡುವವರಿಗೆ ಸುಲಭವಲ್ಲ.

ನಮ್ಮ ನಮೂನೆಯ ನಾಲ್ಕನೆಯ ಸಾಲಿನಲ್ಲಿ ಇವರು ಏನು ಬರೆಯಬೇಕು?

ಜಂಬೆಯವರ ನಾಟಕಕ್ಕೆ ಆಧಾರ ನೈಜೀರಿಯದ ಚಿನುವಾ ಅಚಿಬೆಯವರು 1958ರಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿ. ಬಿಳಿಯರು ಕಾಲಿಟ್ಟಾಗ ಒಂದು ಇಗ್ಬೊ ಹಳ್ಳಿ ಒಳಗಿನಿಂದಲೇ ಬಿರುಕು ಬಿಡುವ ಕಥೆ. ಅಲ್ಲಿಯವರೆಗೆ ವೇದಿಕೆಯ ಮೇಲೆ ತಮ್ಮನ್ನು ಕಂಡಿರದ ಜನ ನಟರಾಗಿ ನಿಂತರು. ಅವರ ಕುಣಿತ, ವಾದ್ಯಗಳು ನಾಟಕದ ಒಳಗೆ ಬಂದವು. ಮುಂದೆ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿಗೆ ಹೋಗಿ ರಂಗಶಿಕ್ಷಣ ಪಡೆದರು. ಇದು ಸಣ್ಣ ಸಾಧನೆಯಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಸಿದ್ದಿಗಳ ಮೂಲ ಹೆಚ್ಚಾಗಿ ಆಫ್ರಿಕದ ಪೂರ್ವ ಕರಾವಳಿ. ಅಚಿಬೆಯವರ ಹಳ್ಳಿ ಇರುವುದು ಪಶ್ಚಿಮದಲ್ಲಿ. ಎರಡರ ನಡುವೆ ಸಾವಿರಾರು ಮೈಲಿ. ಕಾಶ್ಮೀರದ ಕಥೆಯನ್ನು ಕೊಡಗಿನವರಿಗೆ ಕೊಟ್ಟು 'ಇದು ನಿಮ್ಮದೇ' ಎಂದರೆ ನಾವು ಒಪ್ಪುತ್ತೇವೆಯೇ? ಆಫ್ರಿಕ ಎಂದರೆ ಒಂದೇ ಊರು ಎಂಬ ಭಾವನೆ ನಮ್ಮ ಒಳ್ಳೆಯ ಮನಸ್ಸಿನ ಕೆಲಸಗಳಲ್ಲೂ ನುಸುಳುತ್ತದೆ. ಬಿರುಕು ಬಿಡುವ ಹಳ್ಳಿಯ ನೋವು ಎಲ್ಲಿಯದಾದರೂ ಒಂದೇ ಎಂದು ವಾದಿಸಬಹುದು. ನಮ್ಮಲ್ಲೂ ಹಾಗೆ ವಾದಿಸಿದವರಿದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಇದೇ ಭಾವನೆ ಸರಕಾರದ ಕೈಗೆ ಸಿಕ್ಕಾಗ ಏನಾಗುತ್ತದೆಂಬುದಕ್ಕೂ ಸಿದ್ದಿಗಳೇ ಸಾಕ್ಷಿ. ಆಫ್ರಿಕದ ರಕ್ತ ಎಂದ ಮೇಲೆ ಓಟದಲ್ಲಿ ಪದಕ ಖಚಿತ ಎಂಬ ಲೆಕ್ಕದಲ್ಲಿ 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋಯಿತು. ಕೆಲವರು ಪದಕಗಳನ್ನು ತಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ಮರಳಿದರು. ಜನರ ಬಗ್ಗೆ ಮೊದಲೇ ಉತ್ತರ ಇಟ್ಟುಕೊಂಡು ಹೋದ ಯೋಜನೆ, ಆ ಉತ್ತರ ಹೊಂದದಿದ್ದಾಗ ಜನರನ್ನೇ ಕೈಬಿಡುತ್ತದೆ.

ಇನ್ನು ಕೌದಿಯ ಮಾತು. ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಕೌದಿ ಇದೆ. ಸಿದ್ದಿ ಹೆಂಗಸರೂ ಹೊಲಿಯುತ್ತಾರೆ. ಹಳೆಯ ಸೀರೆ, ಹರಿದ ಅಂಗಿ, ಮಕ್ಕಳ ಲಂಗ, ಏನಿದ್ದರೂ ಸರಿ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ತುಂಡುಗಳನ್ನು ಜೋಡಿಸುತ್ತ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಒಳಗೆ ಸರಿದು ಕೊನೆಗೆ ನಡುವನ್ನು ಮುಚ್ಚುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ 'ಫುಲ' ಇಡಬೇಕು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಮುಗಿದ ಕೌದಿಯಲ್ಲ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು. ಹೊಲಿಯುವ ಕ್ರಮ ಮಾತ್ರ ಒಂದೇ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಒಂದು ಸಹಕಾರಿ ಕೂಟ ಶುರುವಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ಮಗುವಿಗೆ ಹೊದಿಸಲು ಹೊಲಿದದ್ದು ಗೋಡೆಗೆ ಏರಿದರೆ ಅದು ಗೌರವವೋ ದೂರವೋ ಎಂದು ನಮ್ಮೊಳಗೆ ಎರಡು ಅಭಿಪ್ರಾಯಗಳಿವೆ. ಹಣ ಹೊಲಿದವರ ಕೈಗೆ ಬರಬೇಕು ಎಂಬುದರಲ್ಲಿ ಮಾತ್ರ ಒಂದೇ.

ರಾಜ್ಯವೂ ಸಿದ್ದಿಗಳಿಗೆ ಒಂದು ಗೆರೆಯ ಮೇಲೆ ಹೆಸರು ಬರೆಯಿತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಜಿಲ್ಲೆಯ ಗಡಿಯಾಚೆ ಧಾರವಾಡ, ಬೆಳಗಾವಿಗಳಲ್ಲಿದ್ದ ಅವರ ನೆಂಟರಿಷ್ಟರು 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಗಮನಿಸಬೇಕಾದ ಸಂಗತಿಯೆಂದರೆ, ಈ ಪಟ್ಟಿಯಲ್ಲಿ ಮತದ ಮಾತಿಲ್ಲ. ಪಂಗಡದ ಪಟ್ಟಿಗೆ ಧರ್ಮ ಅಡ್ಡಿಯಾಗದು. ಪರಿಶಿಷ್ಟ ಜಾತಿಯ ಪಟ್ಟಿಗಿರುವ ಆ ಕಟ್ಟು ಇಲ್ಲಿ ಇಲ್ಲ. ಹಾಗಾಗಿ ಮೂರು ಮತದ ಸಿದ್ದಿಗಳು ಕಾನೂನಿನ ಕಣ್ಣಿನಲ್ಲೂ ಒಂದೇ ಜನವಾಗಿ ಉಳಿದರು. ಕೇಳಿ ಪಡೆದ ಹೆಸರಿಗೂ ಹೊರಗಿನವರು ಅಂಟಿಸಿದ ಹೆಸರಿಗೂ ಇರುವ ಅಂತರ ಇದು.

ಇಷ್ಟನ್ನು ಓದಿ, ಮಾತಾಡಿ ನಾವು ಮತ್ತೆ ಸಭೆ ಸೇರಿದೆವು. ನಮೂನೆ ಹೋಯಿತು. ಸಿದ್ದಿಗಳ ಕೌದಿಯನ್ನು ನಕಲು ಮಾಡುವುದಿಲ್ಲ, ಅದು ಅವರದ್ದು. ಆದರೆ ಅಂಚಿನಿಂದ ಶುರು ಮಾಡುವ ಕ್ರಮವನ್ನು ಕಲಿಯಬಹುದು ಎನಿಸಿತು. ಪೇಟೆಯ ನಡುವಿನ ಗಣ್ಯರನ್ನು ಕೊನೆಗೆ ಕೇಳುವುದು. ಮೊದಲು ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಗಳಲ್ಲಿರುವ ಹೊರ ರಾಜ್ಯದ ಕೆಲಸಗಾರರು, ಬೀಡಿ ಕಟ್ಟುವ ಹೆಂಗಸರು, ಪೌರಕಾರ್ಮಿಕರ ಕಾಲನಿ. ಪ್ರಶ್ನೆಯನ್ನೂ ಬದಲಿಸಿದೆವು. 'ಸಮುದಾಯ ಎಂದರೇನು?' ಎಂದು ಕೇಳುವ ಬದಲು 'ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಯಾರ ಬಾಗಿಲು ಬಡಿಯುತ್ತೀರಿ?' ಉತ್ತರ ಹೇಳಿದವರು ಒಂದು ಹಳೆಯ ಬಟ್ಟೆಯ ತುಂಡು ಕೊಡಬೇಕು, ಸೂಜಿ ಹಿಡಿಯಬಲ್ಲವರು ತಾವೇ ಬಂದು ಜೋಡಿಸಬೇಕು. ಬಾಗಿಲು ಬಡಿಯಲು ಯಾರೂ ಇಲ್ಲ ಎಂದವರಿದ್ದರೆ ಅವರ ತುಂಡಿಗೆ ಜಾಗ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಹೊಲಿಗೆ ಬಲ್ಲ ಹಿರಿಯಾಕೆಯೊಬ್ಬರು, ಅದನ್ನು ಕೊನೆಯ ಸುತ್ತಿಗೆ ಇಟ್ಟುಕೊಳ್ಳಿ, ನಡುವಿಗೆ ಬರುತ್ತದೆ ಎಂದರು.

ಮುಗಿದ ಮೇಲೆ ಅದನ್ನು ಎಲ್ಲಿ ಇಡುವುದು ಎಂಬುದು ಮಾತ್ರ ಇತ್ಯರ್ಥವಾಗಿಲ್ಲ. ಮಸೀದಿಯ ಸಭಾಂಗಣ, ದೇವಸ್ಥಾನದ ಛತ್ರ, ಗ್ರಂಥಾಲಯ, ಶಾಲೆ ಎಂದು ನಾಲ್ಕು ಹೆಸರುಗಳು ಬಂದಿವೆ. ಚಳಿಗಾಲದಲ್ಲಿ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕೊಟ್ಟುಬಿಡಿ ಎಂದವರೂ ಇದ್ದಾರೆ.