ಪ್ಲೇಗು, ರಹದಾರಿ ಮತ್ತು ಆರ್‌ಟಿ-ಪಿಸಿಆರ್

ತುಂಬ ದಿನದಿಂದ ಡ್ರಾಫ್ಟಿನಲ್ಲೇ ಕೊಳೀತಾ ಬಿದ್ದಿದ್ದ ಬರಹ ಇದು. ಇವತ್ತು ಭಾನುವಾರ, ಮಳೆ ಬೇರೆ, ಮುಗಿಸಿಯೇ ಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :)

ಕೊರೋನಾ ಕಾಲದಲ್ಲಿ, ಅಂದ್ರೆ ೨೦೨೧-೨೨ರ ಸುಮಾರಿಗೆ, ವಿದೇಶಕ್ಕೆ ಹೋಗಿ ಬಂದವರಿಗೆಲ್ಲ ಒಂದು ಫೈಲು ನೆನಪಿರಬೇಕು. ೭೨ ಗಂಟೆಯೊಳಗೆ ಮಾಡಿಸಿದ ಆರ್‌ಟಿ-ಪಿಸಿಆರ್ ವರದಿ, ಅದರ ಮೇಲೊಂದು ಕ್ಯೂಆರ್ ಕೋಡು, ಲಸಿಕೆಯ ಸರ್ಟಿಫಿಕೇಟು, ಏರ್ ಸುವಿಧಾ ಫಾರಂ, ಎಲ್ಲದರದ್ದೂ ಎರಡೆರಡು ಜೆರಾಕ್ಸು. ೭೨ ಗಂಟೆ ಅಂದ್ರೆ ಸ್ಯಾಂಪಲ್ ಕೊಟ್ಟಾಗಿನಿಂದಲೋ, ವರದಿ ಬಂದಾಗಿನಿಂದಲೋ? ವಿಮಾನ ಹತ್ತೋವರೆಗೋ, ಇಳಿಯೋವರೆಗೋ? ನಡುವೆ ದುಬೈನಲ್ಲೋ ದೋಹಾದಲ್ಲೋ ಇಳಿದು ಹತ್ತಬೇಕಿದ್ರೆ ಅಲ್ಲಿನ ನಿಯಮ ಇನ್ನೊಂದು. ನಾವು ಟಿಕೆಟ್ ತಗೊಂಡಾಗ ಇದ್ದ ನಿಯಮ ವಿಮಾನ ಹತ್ತುವ ದಿನ ಇರುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಇಂಥದ್ದು ಹಿಂದೆಂದೂ ಇರಲಿಲ್ಲ."

ನಂಗೆ ಆ ಮಾತು ಅವತ್ತೂ ಒಪ್ಪಿಗೆಯಾಗಿರಲಿಲ್ಲ. ಹಿಂದೆಯೂ ಇತ್ತು, ಇದಕ್ಕಿಂತ ಕಟುವಾಗಿಯೇ ಇತ್ತು. ಹಳೇ ಕಥೆಗಳನ್ನ ಓದ್ತಾ ಹೋದ ಹಾಗೆ ಇನ್ನೊಂದು ವಿಷಯವೂ ಕಾಣಿಸ್ತು. ಗಡಿಯಲ್ಲಿ ನಿಂತವನು ಕೇಳೋದು "ನಿಂಗೆ ರೋಗ ಇದೆಯಾ?" ಅಂತ. ಆದರೆ ಅವನು ನಿಜವಾಗಿ ನೋಡೋದು "ಈ ಕಾಗದ ಕೊಟ್ಟವರು ಯಾರು, ನೀನು ಯಾವ ಕಡೆಯವನು?" ಅಂತ.

ಶುರುವಾಗಿದ್ದನ್ನ ಬೇಗ ಹೇಳಿ ಮುಗಿಸ್ತೀನಿ. ೧೩೭೭ರಲ್ಲಿ ಏಡ್ರಿಯಾಟಿಕ್ ಸಮುದ್ರ ತೀರದ ರಗೂಸಾ ಪಟ್ಟಣ (ಈಗಿನ ಕ್ರೊಯೇಶಿಯಾದ ಡುಬ್ರೊವ್ನಿಕ್) ಒಂದು ಕಾನೂನು ಮಾಡಿತು. ಪ್ಲೇಗ್ ಇರುವ ಕಡೆಯಿಂದ ಬಂದವರು ಒಂದು ತಿಂಗಳು ಹೊರಗಿದ್ದು ಆಮೇಲೆ ಊರೊಳಗೆ ಬರಬೇಕು. ಮೂವತ್ತು ದಿನ ಇದ್ದದ್ದು ಮುಂದೆ ನಲವತ್ತಾಯಿತು. ಇಟಲಿಯವರ 'ನಲವತ್ತು' ಅನ್ನೋ ಶಬ್ದದಿಂದಲೇ ನಮ್ಮ ಕ್ವಾರಂಟೈನ್ ಬಂದಿದ್ದು. ಹಡಗುಗಳಿಗೆ ಹೊರಟ ಬಂದರಿನಿಂದ ಆರೋಗ್ಯ ಪತ್ರ ಕೊಡುವ ಪದ್ಧತಿಯೂ ಆ ಕಡಲಲ್ಲೇ ಬೆಳೆಯಿತು. ಊರಲ್ಲಿ ರೋಗ ಇಲ್ಲದಿದ್ರೆ ಶುದ್ಧ ಪತ್ರ, ಇದ್ರೆ ಅಶುದ್ಧ ಪತ್ರ. ಗಮನಿಸಿ, ಅದು ಮನುಷ್ಯನಿಗೆ ಕೊಟ್ಟ ಪತ್ರ ಅಲ್ಲ, ಅವನು ಬಿಟ್ಟು ಬಂದ ಊರಿಗೆ ಕೊಟ್ಟದ್ದು.

ಈಗ ನಮ್ಮ ಕಡೆಗೆ ಬರೋಣ. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಪ್ಲೇಗು ಗುರುತಾಯಿತು. ಯೂರೋಪಿಗೆ ನಡುಕ ಹತ್ತಿತು, ೧೮೯೭ರಲ್ಲಿ ವೆನಿಸ್‌ನಲ್ಲಿ ಅಂತರರಾಷ್ಟ್ರೀಯ ಸಭೆ ಕರೆದರು. ಮುಂಬಯಿಯಿಂದ ಹಜ್ ಯಾತ್ರಿಕರ ಹಡಗುಗಳನ್ನ ಆ ವರ್ಷ ನಿಲ್ಲಿಸಲಾಯಿತು. ಬ್ರಿಟಿಷ್ ಸರ್ಕಾರ ಅದೇ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಕೆಲವೇ ಪುಟಗಳ ಪುಟಾಣಿ ಕಾಯ್ದೆ. ಆದರೆ ರೈಲಿನಲ್ಲೋ ಇನ್ನು ಹೇಗೋ ಪ್ರಯಾಣ ಮಾಡುವವರನ್ನು ತಪಾಸಣೆ ಮಾಡಬಹುದು, ಅನುಮಾನ ಬಂದವರನ್ನು ಬೇರೆ ಇಡಬಹುದು ಅನ್ನೋ ಅಧಿಕಾರ ಅದರಲ್ಲಿತ್ತು. ೨೦೨೦ರ ಮಾರ್ಚಿನಲ್ಲಿ ನಮ್ಮ ರಾಜ್ಯಗಳು ಕೈಗೆತ್ತಿಕೊಂಡದ್ದೂ ಇದೇ ಕಾಯ್ದೆಯನ್ನ! ಹಡಗಿನ ಜೊತೆಗೆ ವಿಮಾನ, ಬಸ್ಸು ಅಂತ ಸೇರಿಸಿದ ತಿದ್ದುಪಡಿ ಬಂದದ್ದು ೨೦೨೦ರಲ್ಲಿ. ನಾವು ಆಫೀಸಿನಲ್ಲಿ ಹತ್ತು ವರ್ಷ ಹಳೇ ಕೋಡನ್ನ ಮುಟ್ಟೋಕೆ ಹೆದರ್ತೀವಿ, ಇದು ೧೨೩ ವರ್ಷದ್ದು.

ರೈಲ್ವೆ ಸ್ಟೇಷನ್ನುಗಳಲ್ಲಿ ಪ್ರಯಾಣಿಕರನ್ನ ಇಳಿಸಿ, ಸಾಲಾಗಿ ನಿಲ್ಲಿಸಿ, ಕಂಕುಳು ತೊಡೆಸಂದಿಗಳಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡ್ತಿದ್ದರು. ಹೆಂಗಸರನ್ನೂ. ಮೂರನೇ ದರ್ಜೆಯವರಿಗೆ ಇದು ಕಡ್ಡಾಯದ ಅವಮಾನ, ಮೇಲ್ದರ್ಜೆಯ ಯೂರೋಪಿಯನ್ನರಿಗೆ ಸೌಜನ್ಯದ ವಿಚಾರಣೆ. ಪುಣೆಯಲ್ಲಿ ಮನೆಮನೆ ನುಗ್ಗಿದ ಪ್ಲೇಗ್ ಕಮಿಷನರ್ ರ‍್ಯಾಂಡ್‌ನನ್ನ ೧೮೯೭ರ ಜೂನಿನಲ್ಲಿ ಚಾಪೇಕರ್ ಸಹೋದರರು ಕೊಂದದ್ದು ಶಾಲೆಯಲ್ಲಿ ಓದಿದ್ದೀವಿ. ಅದರ ಹಿಂದೆ ಇಂಥ ಸಿಟ್ಟು ಇತ್ತು ಅನ್ನೋದನ್ನ ಮಾತ್ರ ಅರ್ಧ ವಾಕ್ಯದಲ್ಲಿ ಮುಗಿಸಿಬಿಡ್ತಾರೆ.

ರೈಲಿನ ಜೊತೆಗೇ ಪ್ಲೇಗು ದಕ್ಷಿಣಕ್ಕೂ ಇಳಿಯಿತು. ೧೮೯೮ರಲ್ಲಿ ಹುಬ್ಬಳ್ಳಿ-ಧಾರವಾಡ, ಅದೇ ಆಗಸ್ಟಿನಲ್ಲಿ ಬೆಂಗಳೂರು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು ಆ ಹೊತ್ತಿನಲ್ಲೇ. ಬೆಂಗಳೂರಲ್ಲಿ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ. ಮದ್ರಾಸ್ ಪ್ರಾಂತ್ಯದವರು ಇನ್ನೊಂದು ಉಪಾಯ ಮಾಡಿದರು: ಪ್ಲೇಗ್ ಪಾಸ್‌ಪೋರ್ಟ್! ರೋಗ ಇರುವ ಸೀಮೆಯಿಂದ ಬಂದವನ ಕೈಗೆ ಒಂದು ಚೀಟಿ ಕೊಡೋದು. ಅವನು ತಲುಪಿದ ಊರಲ್ಲಿ ಗೊತ್ತುಪಡಿಸಿದ ದಿನಗಳವರೆಗೆ ಪ್ರತಿದಿನ ಅಧಿಕಾರಿಯ ಮುಂದೆ ಹಾಜರಾಗಿ ನಾನಿನ್ನೂ ಚೆನ್ನಾಗಿದ್ದೀನಿ ಅಂತ ತೋರಿಸಬೇಕು. ಆಗ ಬಳ್ಳಾರಿ, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು ಅನ್ನೋದು ನೆನಪಿರಲಿ. ಅಂದ್ರೆ ಮೈಸೂರು ಸೀಮೆಯಿಂದ ಬಳ್ಳಾರಿಗೆ ನೆಂಟರ ಮನೆಗೆ ಹೋಗುವವನಿಗೂ ಕನ್ನಡ ನಾಡಿನೊಳಗೇ ರಹದಾರಿ! ಈ 'ರಹದಾರಿ' ನಂಗೆ ತುಂಬ ಇಷ್ಟದ ಪದ. ಪಾಸ್‌ಪೋರ್ಟಿಗೆ ನಮ್ಮ ಹಳೇ ಕಚೇರಿಗಳಲ್ಲಿ ಇದ್ದ ಹೆಸರು. ಅದನ್ಯಾಕೆ ಬಿಟ್ಟೆವೋ.

ಇದೇ ಹೊತ್ತಿಗೆ ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗ್ ಲಸಿಕೆ ತಯಾರು ಮಾಡಿ, ೧೮೯೭ರ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಕೊಂಡ. ಹುಬ್ಬಳ್ಳಿಯಲ್ಲಿ ಮರುವರ್ಷ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಿಗೆ ಸರ್ಟಿಫಿಕೇಟು ಸಿಗ್ತಿತ್ತು. ಅದಿದ್ದರೆ ಕೆಲವು ನಿರ್ಬಂಧಗಳಿಂದ ವಿನಾಯಿತಿ. ಲಸಿಕೆ ಪಾಸ್‌ಪೋರ್ಟು ೨೦೨೧ರ ಆವಿಷ್ಕಾರ ಅಂತ ವಾದ ಮಾಡುವವರಿಗೆ ಹುಬ್ಬಳ್ಳಿಯ ಕಡೆ ಕೈ ತೋರಿಸಬಹುದು.

ಆದರೆ ಈ ಲಸಿಕೆಯ ಅತಿ ವಿಚಿತ್ರ ಕಥೆ ನಡೆದದ್ದು ಇಲ್ಲಲ್ಲ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ನಮ್ಮಲ್ಲಿ ಎಷ್ಟೋ ಜನ ಕೆಲಸಕ್ಕೆ ಅಂತ ಹೋಗಿ ಬರುವ ಊರು. ಅಲ್ಲಿನ ಚೈನಾಟೌನಿನಲ್ಲಿ ಫೋಟೋ ತೆಗೆಸಿಕೊಂಡವರೂ ಇದ್ದೀರಿ. ಅದೇ ಬೀದಿಗಳಲ್ಲಿ ೧೯೦೦ರ ಮಾರ್ಚಿನಲ್ಲಿ ಪ್ಲೇಗಿನಿಂದ ಸತ್ತ ಚೀನೀಯನೊಬ್ಬನ ಹೆಣ ಸಿಕ್ಕಿತು. ಕೂಡಲೇ ಚೈನಾಟೌನಿಗೆ ಹಗ್ಗ ಕಟ್ಟಿದರು. ಬಿಳಿಯರನ್ನು ಹೊರಗೆ ಬಿಟ್ಟರು, ಚೀನೀಯರನ್ನು ಒಳಗಿಟ್ಟರು. ಕ್ಯಾಲಿಫೋರ್ನಿಯಾದ ಗವರ್ನರ್ ಹೆನ್ರಿ ಗೇಜ್ "ಪ್ಲೇಗೇ ಇಲ್ಲ" ಅಂತ ಕೂತ, ವ್ಯಾಪಾರ ಹಾಳಾಗುತ್ತಲ್ಲ! ಇತ್ತ ಕೇಂದ್ರದ ಕ್ವಾರಂಟೈನ್ ಅಧಿಕಾರಿ ಜೋಸೆಫ್ ಕಿನ್ಯೂನ್ ಹಾಫ್ಕಿನ್ ಲಸಿಕೆ ತರಿಸಿದ. ಮೇ ತಿಂಗಳಲ್ಲಿ ನಿಯಮ ಬಂತು: ಚೀನೀಯರು, ಜಪಾನೀಯರು ಊರು ಬಿಟ್ಟು ಹೋಗಬೇಕಾದರೆ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ರೆ ರೈಲೂ ಇಲ್ಲ, ದೋಣಿಯೂ ಇಲ್ಲ.

ಅದೇ ಊರಲ್ಲಿ, ಅದೇ ಇಲಿಗಳ ನಡುವೆ ಬದುಕಿದ್ದ ಬಿಳಿಯರಿಗೆ ಏನೂ ಬೇಡ.

ವಾಂಗ್ ವಾಯ್ ಅನ್ನೋ ವ್ಯಾಪಾರಿಯ ಹೆಸರಿನಲ್ಲಿ ಮೊಕದ್ದಮೆ ಆಯಿತು. ಚೈನಾಟೌನಿನ ಜನ ಕಾನೂನಿನಲ್ಲಿ ಆಗಲೇ ಪಳಗಿದ್ದರು, ಎಷ್ಟೋ ವರ್ಷದಿಂದ ಒಂದಲ್ಲ ಒಂದು ಅನ್ಯಾಯಕ್ಕೆ ಕೋರ್ಟು ಹತ್ತಿ ಹತ್ತಿ. ಮೇ ೨೮ರಂದು ನ್ಯಾಯಾಧೀಶ ವಿಲಿಯಂ ಮಾರೋ ನಿಯಮಕ್ಕೆ ತಡೆ ಕೊಟ್ಟ. ಏಷ್ಯಾದವರಿಗೆ ಪ್ಲೇಗು ಹೆಚ್ಚು ಅಂಟುತ್ತದೆ ಅನ್ನೋದಕ್ಕೆ ಆಧಾರ ಎಲ್ಲಿದೆ, ಜನಾಂಗದ ಹೆಸರು ಹಿಡಿದು ಮಾಡಿದ ನಿಯಮ ಸಮಾನತೆಗೆ ವಿರುದ್ಧ, ಅನ್ನೋದು ತೀರ್ಪಿನ ತಿರುಳು. ಲಸಿಕೆ ಕೆಲಸ ಮಾಡೋದು ಸೋಂಕು ತಗಲೋಕೆ ಮುಂಚೆ, ಸೋಂಕಿರಬಹುದು ಅಂತ ಅನುಮಾನ ಇರುವವನಿಗೆ ಹೊರಡುವ ಹೊತ್ತಲ್ಲಿ ಚುಚ್ಚಿ ಏನು ಉಪಯೋಗ, ಅನ್ನೋ ವೈದ್ಯಕೀಯ ತಕರಾರೂ ಅದರಲ್ಲಿತ್ತು. ಸೋತ ಅಧಿಕಾರಿಗಳು ಮಾರನೇ ದಿನವೇ ಮತ್ತೆ ಚೈನಾಟೌನ್ ಮುಚ್ಚಿದರು. ಈ ಸಲ ಗಡಿಯ ಗೆರೆ ಬಿಳಿಯರ ಕಟ್ಟಡ ಬಂದ ಕಡೆಯೆಲ್ಲ ನಾಜೂಕಾಗಿ ಡೊಂಕಾಗ್ತಿತ್ತು! ಜೂನ್ ೧೫ಕ್ಕೆ ಕೋರ್ಟು ಅದನ್ನೂ ಕಿತ್ತುಹಾಕಿತು. ನಂಗೆ ಕಿನ್ಯೂನ್ ಬಗ್ಗೆ ಮಿಶ್ರ ಭಾವನೆ. ಪ್ಲೇಗು ಇದೆ ಅಂದದ್ದರಲ್ಲಿ ಅವನೇ ಸರಿ, ಗವರ್ನರನೇ ತಪ್ಪು. ರೋಗವನ್ನ ಸರಿಯಾಗಿ ಗುರುತು ಹಿಡಿದವನು ಮನುಷ್ಯರನ್ನ ಹೀಗೆ ವಿಂಗಡಿಸಿದ.

ಮಾಸ್ಕಿನ ಕಥೆ ಬೇರೆಯೇ ಒಂದು ಪೋಸ್ಟ್ ಆಗಬೇಕು. ಒಂದು ಪ್ರಸಂಗ ಮಾತ್ರ ಹೇಳ್ತೀನಿ. ೧೯೧೦ರ ಕೊನೆಗೆ ಮಂಚೂರಿಯಾದಲ್ಲಿ ಗಾಳಿಯಲ್ಲಿ ಹರಡುವ ಶ್ವಾಸಕೋಶದ ಪ್ಲೇಗು ಬಂತು. ಪೆನಾಂಗಿನಲ್ಲಿ ಹುಟ್ಟಿದ ವೂ ಲಿಯೆನ್-ತೆ ಅನ್ನೋ ಯುವ ವೈದ್ಯ ಹತ್ತಿ, ಬಟ್ಟೆಯ ಪದರಗಳ ಮಾಸ್ಕ್ ಹಾಕಿಕೊಳ್ಳಿ ಅಂತ ಹೇಳಿದ. ಹಿರಿಯ ಫ್ರೆಂಚ್ ವೈದ್ಯ ಮೆನಿ ಅವನನ್ನು ಹೀಯಾಳಿಸಿ, ಮಾಸ್ಕಿಲ್ಲದೆ ರೋಗಿಗಳನ್ನ ನೋಡೋಕೆ ಹೋದ. ಕೆಲವೇ ದಿನಗಳಲ್ಲಿ ಅದೇ ಪ್ಲೇಗಿನಿಂದ ಸತ್ತ. ಏಷ್ಯಾದವನ ಮಾತಿನ ಮೇಲೆ ಅಪನಂಬಿಕೆ ಇಟ್ಟಿದ್ದಕ್ಕೆ ಇಷ್ಟು ದುಬಾರಿ ಬೆಲೆ ತೆತ್ತವರು ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ೧೯೧೯ರ ಜನವರಿಯಲ್ಲಿ, ಇನ್‌ಫ್ಲುಯೆಂಜಾ ಕಾಲದಲ್ಲಿ, ಮಾಸ್ಕ್ ವಿರೋಧಿ ಸಂಘ ಅಂತಲೇ ಒಂದು ಹುಟ್ಟಿತ್ತು.

ಆಮೇಲೆ ವಿಮಾನ ಬಂತು, ವಿಶ್ವ ಆರೋಗ್ಯ ಸಂಸ್ಥೆ ಬಂತು, ಹಳದಿ ಬಣ್ಣದ ಲಸಿಕೆ ಪುಸ್ತಕ ಬಂತು. ೧೯೭೦ರ ದಶಕದವರೆಗೆ ವಿದೇಶಕ್ಕೆ ಹೋಗೋರು ಸಿಡುಬಿನ ಲಸಿಕೆಯ ಪುರಾವೆ ಇಟ್ಟುಕೊಳ್ಳಬೇಕಿತ್ತು. ಸಿಡುಬೇ ನಿರ್ಮೂಲ ಆಯಿತು ಅಂತ ೧೯೮೦ರ ಮೇ ತಿಂಗಳಲ್ಲಿ ಘೋಷಣೆಯಾದ ಮೇಲೆ ಅದು ಹೋಯಿತು. ಉಳಿದದ್ದು ಹಳದಿ ಜ್ವರ. ಇದರಲ್ಲಿ ಅನುಮಾನ ಪಡುವವರು ನಾವೇ! ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಬೇಕಾದಷ್ಟಿದೆ. ಅದಕ್ಕೇ ಆಫ್ರಿಕಾ, ದಕ್ಷಿಣ ಅಮೆರಿಕದ ಆ ಜ್ವರ ಇರುವ ದೇಶಗಳಿಂದ ಲಸಿಕೆಯ ಪತ್ರ ಇಲ್ಲದೆ ಬಂದವರನ್ನ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡ್ತೀವಿ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದಮೇಲೇ ಆ ಪತ್ರಕ್ಕೆ ಬೆಲೆ. ಈ ನಿಯಮಕ್ಕೆ ಕಾರಣ ಗಟ್ಟಿಯಾಗಿದೆ, ನಾನಂತೂ ಇದರ ಪರ. ಎಲ್ಲ ಕಾಗದವೂ ಅನ್ಯಾಯ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ.

೧೯೯೪ರಲ್ಲಿ ಸೂರತ್ ಪ್ಲೇಗಿನ ಸುದ್ದಿ ಬಂದಾಗ ಮಾತ್ರ ಹಳೇ ಆಟ ಶುರುವಾಯಿತು. ಪ್ರಯಾಣ ನಿರ್ಬಂಧ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಿದ್ದರೂ ಹಲವು ಕೊಲ್ಲಿ ದೇಶಗಳು ಭಾರತದ ವಿಮಾನಗಳನ್ನು ನಿಲ್ಲಿಸಿದವು.

ಇನ್ನು ೨೦೨೧. ನಮ್ಮಲ್ಲಿ ಎರಡನೇ ಅಲೆ ನಡೀತಿದ್ದಾಗ, ಮೇ ೩ರಿಂದ ಆಸ್ಟ್ರೇಲಿಯಾ ತನ್ನ ಪ್ರಜೆಗಳಿಗೇ ಬಾಗಿಲು ಹಾಕಿತು. ಹಿಂದಿನ ೧೪ ದಿನದಲ್ಲಿ ಭಾರತದಲ್ಲಿ ಇದ್ದವರು ವಾಪಸು ಬಂದರೆ ೫ ವರ್ಷದವರೆಗೆ ಜೈಲು, ಇಲ್ಲವೇ ೬೬,೬೦೦ ಡಾಲರ್ ದಂಡ! ಆಗ ಸುಮಾರು ೯,೦೦೦ ಆಸ್ಟ್ರೇಲಿಯನ್ನರು ಇಲ್ಲಿ ಸಿಕ್ಕಿಬಿದ್ದಿದ್ದರು, ಬಹುಪಾಲು ಭಾರತ ಮೂಲದವರು. ಅಪ್ಪ ಅಮ್ಮನ ನೋಡಿಕೊಳ್ಳೋಕೆ ಬಂದವರು, ಮಣ್ಣು ಮಾಡೋಕೆ ಬಂದವರು. ಮೇ ೧೫ಕ್ಕೆ ಅದು ಮುಗಿಯಿತು. ಬ್ರಿಟನ್, ಅಮೆರಿಕದಲ್ಲಿ ಸೋಂಕು ಏರಿದ್ದಾಗ ಅಲ್ಲಿಂದ ಬರೋ ಸ್ವಂತ ಪ್ರಜೆಗಳಿಗೆ ಜೈಲಿನ ಮಾತು ಬಂದಿರಲಿಲ್ಲ.

ಬ್ರಿಟನ್ನಿನ ಪ್ರಕರಣವಂತೂ ನಮ್ಮಂಥ ಸಾಫ್ಟ್‌ವೇರಿನವರು ನೆನಪಿಡಬೇಕಾದ್ದು. ಅಕ್ಟೋಬರ್ ೪ರಿಂದ ಲಸಿಕೆ ಆದವರಿಗೆ ಕ್ವಾರಂಟೈನ್ ಇಲ್ಲ ಅಂತ ಸೆಪ್ಟೆಂಬರಿನಲ್ಲಿ ಹೇಳಿದರು. ಆದರೆ ಭಾರತದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರು 'ಲಸಿಕೆ ಆಗದವರು', ಹತ್ತು ದಿನ ಒಳಗೇ ಇರಬೇಕು. ಕೋವಿಶೀಲ್ಡ್ ಆಕ್ಸ್‌ಫರ್ಡಿನವರದ್ದೇ ಲಸಿಕೆ. ಪುಣೆಯಿಂದ ಹೋದ ೫೦ ಲಕ್ಷ ಡೋಸುಗಳನ್ನ ಬ್ರಿಟಿಷರೇ ಚುಚ್ಚಿಸಿಕೊಂಡಿದ್ದರು. (ತಮಾಷೆ ಅಂದ್ರೆ, ಪುಣೆಯ ಬ್ಯಾಚ್ ಹಾಕಿಸಿಕೊಂಡ ಬ್ರಿಟಿಷರಲ್ಲಿ ಕೆಲವರನ್ನ ಜುಲೈನಲ್ಲಿ ಮಾಲ್ಟಾಗೆ ವಿಮಾನ ಹತ್ತೋಕೆ ಬಿಟ್ಟಿರಲಿಲ್ಲ!) ಗಲಾಟೆ ಆದಮೇಲೆ, ಸೆಪ್ಟೆಂಬರ್ ೨೨ಕ್ಕೆ ಕೋವಿಶೀಲ್ಡ್ ಸರಿ ಅಂದರು, ಆದರೆ ನಿಮ್ಮ ಸರ್ಟಿಫಿಕೇಟು ಸರಿಯಿಲ್ಲ ಅಂದರು. ನೋಡಿದ್ರೆ ಕೋವಿನ್ ಸರ್ಟಿಫಿಕೇಟಿನಲ್ಲಿ ಪ್ರಧಾನಿಯವರ ಫೋಟೋ ಇತ್ತು, ಹುಟ್ಟಿದ ದಿನಾಂಕ ಇರಲಿಲ್ಲ, ವಯಸ್ಸು ಮಾತ್ರ. ಪಾಸ್‌ಪೋರ್ಟಿನ ಜೊತೆ ಹೊಂದಿಸಿ ನೋಡೋಕೆ ದಿನಾಂಕ ಬೇಕೇ ಬೇಕು, ಅದು ನಿಜವಾದ ಲೋಪವೇ. ಆದರೆ ಒಂದು ಫೀಲ್ಡ್ ಸೇರಿಸಿದ್ರೆ ಮುಗೀತು, ಸೇರಿಸಿಯೂ ಆಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಆಗ ಭಾರತ ತಿರುಗಿಸಿ ಕೊಟ್ಟಿತು. ಅಕ್ಟೋಬರ್ ೪ರಿಂದ ಬ್ರಿಟನ್ನಿನಿಂದ ಬರುವ ಅಲ್ಲಿನ ಪ್ರಜೆಗಳಿಗೆ, ಲಸಿಕೆ ಆಗಿದ್ದರೂ, ಹೊರಡೋ ಮುಂಚೆ ಒಂದು ಟೆಸ್ಟು, ಇಳಿದ ಮೇಲೆ ಒಂದು, ಎಂಟನೇ ದಿನ ಇನ್ನೊಂದು, ಹತ್ತು ದಿನ ಕ್ವಾರಂಟೈನ್. ಒಂದೇ ವಾರ! ಅಕ್ಟೋಬರ್ ೧೧ರಿಂದ ಭಾರತದ ಸರ್ಟಿಫಿಕೇಟ್ ಬ್ರಿಟನ್ನಿನಲ್ಲಿ ನಡೆಯತೊಡಗಿತು, ನಾವೂ ಎರಡು ದಿನ ಬಿಟ್ಟು ವಾಪಸು ತಗೊಂಡೆವು. ಆ ವಾರದಲ್ಲಿ ವೈರಸ್ ಬದಲಾಗಲಿಲ್ಲ, ಲಸಿಕೆ ಬದಲಾಗಲಿಲ್ಲ. ೧೯೦೦ರಲ್ಲಿ ಚೈನಾಟೌನಿನವರಿಗೆ ಕೋರ್ಟು ಬೇಕಾಯಿತು, ೨೦೨೧ರಲ್ಲಿ ನಮಗೆ ಎದುರೇಟು ಕೊಡೋ ಸರ್ಕಾರ ಇತ್ತು. ಎರಡೂ ಇಲ್ಲದ ಬಡ ದೇಶಗಳವರು ಏನು ಮಾಡಬೇಕಿತ್ತು? ಅದೇ ನವೆಂಬರಿನಲ್ಲಿ ಹೊಸ ತಳಿಯೊಂದನ್ನ ದಕ್ಷಿಣ ಆಫ್ರಿಕಾದವರು ಪ್ರಾಮಾಣಿಕವಾಗಿ ಜಗತ್ತಿಗೆ ತಿಳಿಸಿದರು. ಬಹುಮಾನವಾಗಿ ಸುತ್ತಲಿನ ದೇಶಗಳ ವಿಮಾನಗಳೂ ಸೇರಿ ಬಂದ್ ಆದವು. ಡಿಸೆಂಬರ್ ೨ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣ ನಮ್ಮ ಬೆಂಗಳೂರಲ್ಲೇ ಅಂತ ಗೊತ್ತಾಯಿತು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ವಿದೇಶಕ್ಕೆ ಹೋಗಿಯೇ ಇರದ ಸ್ಥಳೀಯ ವೈದ್ಯರು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಂತಾರಲ್ಲ.

ಏರ್ ಸುವಿಧಾ ಫಾರಂ ೨೦೨೨ರ ನವೆಂಬರಿನಲ್ಲಿ ನಿಂತಿತು. ವಿಮಾನದಲ್ಲಿ ಮಾಸ್ಕಿನ ಕಡ್ಡಾಯವೂ ಅದೇ ತಿಂಗಳು ಹೋಯಿತು.

ಕೊನೆಗೊಂದು ಕೋರಿಕೆ. ಬಳ್ಳಾರಿ, ಮಂಗಳೂರು, ಉಡುಪಿ ಕಡೆಯ ಗೆಳೆಯರೇ, ನಿಮ್ಮ ಮನೆಯ ಅಟ್ಟದ ಟ್ರಂಕಿನಲ್ಲೋ, ಮುತ್ತಜ್ಜನ ಜಮೀನು ಕಾಗದಗಳ ನಡುವೆಯೋ ಪ್ಲೇಗ್ ಪಾಸ್‌ಪೋರ್ಟ್ ಇರಬಹುದು. ಇಲ್ಲಾ ಹುಬ್ಬಳ್ಳಿಯ ಚುಚ್ಚುಮದ್ದಿನ ಚೀಟಿ. ಸಿಕ್ಕಿದ್ರೆ ಒಂದು ಫೋಟೋ ತೆಗೆದು ಕಳಿಸಿ. ಅದರಲ್ಲಿ ಏನೇನು ಬರೀತಿದ್ದರು, ಜಾತಿ ಕೇಳ್ತಿದ್ದರಾ, ಹುಟ್ಟಿದ ದಿನಾಂಕದ ಜಾಗದಲ್ಲಿ ಏನಿತ್ತು, ನಂಗೆ ನೋಡಬೇಕು.