ತೆರೆಮರೆಯ ದನಿ

1927ರಲ್ಲಿ ‘ದಿ ಜಾಝ್ ಸಿಂಗರ್’ ತೆರೆಕಂಡ ಬಳಿಕ ಹಾಲಿವುಡ್ ಮಾತನಾಡತೊಡಗಿತು. ಮೂಕಿಚಿತ್ರಗಳಲ್ಲಿ ಮೆರೆದಿದ್ದ ಕೆಲವು ತಾರೆಯರಿಗೆ ಸ್ವಂತ ದನಿಯೇ ತೊಡಕಾಯಿತು. ಆ ಸಂಧಿಕಾಲದ ಗೊಂದಲವನ್ನು 1952ರಲ್ಲಿ ನಗೆಯಾಗಿಸಿದ ಚಿತ್ರ ಎಂ.ಜಿ.ಎಂ. ಸಂಸ್ಥೆಯ ‘ಸಿಂಗಿನ್ ಇನ್ ದ ರೇನ್’. ನಿರ್ದೇಶಕರು ಜೀನ್ ಕೆಲ್ಲಿ ಮತ್ತು ಸ್ಟಾನ್ಲಿ ಡೊನೆನ್. ಹಾಡುಗಳು ಬಹುಪಾಲು ಹಳೆಯವು. ಆರ್ಥರ್ ಫ್ರೀಡ್ ಹಾಗೂ ನೇಸಿಯೊ ಹರ್ಬ್ ಬ್ರೌನ್ ಹಿಂದೆಯೇ ರಚಿಸಿದ್ದವು. ಅವುಗಳ ಸುತ್ತ ಕಥೆ ಹೆಣೆದವರು ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್.

ಕೊಡೆ ಹಿಡಿದು ಮಳೆಯಲ್ಲಿ ಕುಣಿಯುವ ಕೆಲ್ಲಿಯನ್ನು ಎಲ್ಲರೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಚಿತ್ರದ ಜೀವವಿರುವುದು ಬೇರೆಡೆ. ಕೀರಲು ದನಿಯ ತಾರೆ ಲೀನಾಳಿಗೆ ಕ್ಯಾಥಿಯೆಂಬ ಹೊಸ ನಟಿ ಮರೆಯಲ್ಲಿ ನಿಂತು ದನಿ ಕೊಡುತ್ತಾಳೆ. ಕೊನೆಗೆ ಪರದೆ ಸರಿದು, ಹಾಡಿದವಳಿಗೇ ಚಪ್ಪಾಳೆ ಸಲ್ಲುತ್ತದೆ. ಚಿತ್ರದ ಹೊರಗೆ ನಡೆದುದೇ ಬೇರೆ. ಕ್ಯಾಥಿ ಲೀನಾಳಿಗಾಗಿ ಹಾಡುವ ‘ವುಡ್ ಯೂ’ ಗೀತೆಯಲ್ಲಿ ಕೇಳಿಸುವುದು ಕ್ಯಾಥಿಯಾಗಿ ನಟಿಸಿದ ಡೆಬ್ಬಿ ರೆನಾಲ್ಡ್ಸ್ ಅವರ ದನಿಯಲ್ಲ, ಬೆಟ್ಟಿ ನೋಯ್ಸ್ ಎಂಬ ಗಾಯಕಿಯದು. ಸಂಭಾಷಣೆಗಂತೂ ಲೀನಾ ಪಾತ್ರಧಾರಿ ಜೀನ್ ಹೇಗನ್ ಅವರೇ ತಮ್ಮ ಸಹಜ ದನಿಯನ್ನು ಒದಗಿಸಿದರು! ಚಿತ್ರದ ಹೆಸರುಪಟ್ಟಿಯಲ್ಲಿ ನೋಯ್ಸ್ ಅವರ ಹೆಸರಿಲ್ಲ.