ಬೋಲ್ಟಿನ ಮೇಲಿನ ಅಕ್ಷರ

1940ರ ಸೆಪ್ಟೆಂಬರ್ 23ರಂದು ಪೆನ್ಸಿಲ್ವೇನಿಯದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಜೀಪಿನ ಮೊದಲ ಮಾದರಿಯನ್ನು ಅಮೆರಿಕದ ಸೈನ್ಯಕ್ಕೆ ಒಪ್ಪಿಸಿತು. ದೊಡ್ಡ ಗುತ್ತಿಗೆಗಳು ಮಾತ್ರ ವಿಲ್ಲಿಸ್, ಫೋರ್ಡ್ ಕಂಪನಿಗಳ ಪಾಲಾದವು; ಯುದ್ಧ ಮುಗಿಯುವುದರೊಳಗೆ ಅವೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುವಂತಿದ್ದರೂ ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರವನ್ನು ಒತ್ತಿತು. ಆ ಅಕ್ಷರಕ್ಕಾಗಿ ಸಂಗ್ರಹಕಾರರು ಇಂದಿಗೂ ಅಲೆಯುತ್ತಾರೆ. ಗುಜರಿಯಂಗಡಿಗಳಲ್ಲಿ ನಾನೂ ಅಲೆದವನೇ. ಮನೆಯವರ ಅಭಿಪ್ರಾಯ ಇಲ್ಲಿ ಬೇಡ.

ನನ್ನ ಜೀಪಿನ ಬಾನೆಟ್ಟನ್ನು ಉಜ್ಜುತ್ತಿದ್ದಾಗ ಒಮ್ಮೆ ಹಳೆಯ ಬಣ್ಣದಡಿಯಿಂದ ಸೈನ್ಯದ ಬಿಳಿಯ ಅಂಕಿಗಳು ಇಣುಕಿದವು. ಅವು ಪೂರ್ತಿ ಕಾಣಬೇಕಾದರೆ, ಮೇಲಿನ ಪದರದಲ್ಲಿ ಕಾಫಿ ತೋಟದವರು ಕನ್ನಡದಲ್ಲಿ ಬರೆಸಿದ್ದ ತೋಟದ ಹೆಸರು ಅಳಿಯಬೇಕು. ಸೈನ್ಯದಲ್ಲಿ ಅದು ದುಡಿದದ್ದು ಹೆಚ್ಚೆಂದರೆ ನಾಲ್ಕು ವರ್ಷ. ತೋಟದ ಕೆಸರಿನಲ್ಲಿ ಮೂವತ್ತು. ಉಪ್ಪುಕಾಗದವನ್ನು ಮಡಿಸಿಟ್ಟೆ. ಮೂರು ಅಂಕಿಗಳು ಹೊರಗೆ, ಉಳಿದವು ಹೆಸರಿನ ಕೆಳಗೆ. ಜೀಪು ಈಗಲೂ ಹಾಗೆಯೇ ನಿಂತಿದೆ.